ಜೇಬಿಲ್ಲದ ಜುಬ್ಬ

ಪುಟ್ಟಬಸವಯ್ಯನ ಮಾನ ಬೀದಿಗೆ ಬರುವ ಮಟ್ಟಕ್ಕೆ ಹೋದದ್ದು ಅವನ ಹೊಸ ರೇಷ್ಮೆ ಜುಬ್ಬಕ್ಕೆ ಜೇಬಿಲ್ಲದೆ ಹೋದದ್ದರಿಂದ. ತಪ್ಪು ದರ್ಜಿ ರಾಚಯ್ಯನದಲ್ಲ. ಅವನು ಅಳತೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, "ಜೇಬು ಎಲ್ಲಿಗೆ ಇಡ್ಲಿ ಸಾ, ಎದೆಗೋ ಪಕ್ಕಕ್ಕೋ?" ಎಂದು ಕೇಳಿಯೇ ಕೇಳಿದ್ದ.

"ಎಲ್ಲಿಗೂ ಬ್ಯಾಡ. ಸನ್ಮಾನಕ್ಕೆ ಓಗೋನು ಕಣಯ್ಯ ನಾನು, ಸಂತೆಗಲ್ಲ. ಜೇಬಿದ್ರೆ ಶಾಲು ಆಕ್ದಾಗ ಉಬ್ಕೊಂಡು ಫೋಟೋದಲ್ಲಿ ಗೆಡ್ಡೆ ಎದ್ದಂಗೆ ಕಾಣ್ತದೆ. ಅಂದಂಗೆ, ಈ ಸನ್ಮಾನದ ವಿಸ್ಯ ಯಾರ್ಗೂ ಬಾಯಿ ಬುಡಬ್ಯಾಡ."

ನರಸೀಪುರದ ಬಸ್ ನಿಲ್ದಾಣದ ಎದುರು ಪುಟ್ಟಬಸವಯ್ಯನದು ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ. ಸುಟ್ಟುಹೋದ ಮೋಟಾರುಗಳ ನಡುವೆ ಬಾಳಿದ್ದಕ್ಕೋ ಏನೋ, ಅವನಿಗೂ ಬೇಗ ಬಿಸಿ ಏರುತ್ತಿತ್ತು. ಎದುರಿಗೆ ಶಿವಸ್ವಾಮಿಯ ಪೇಂಟಿನ ಅಂಗಡಿ. ಹಿಂದಿನ ವರ್ಷ ಶಿವಸ್ವಾಮಿಗೆ ಯಾವುದೋ ದೇಶದ ಲಾಟರಿ ಹೊಡೆದಿದೆಯೆಂದು ಮೇಲ್ ಬಂದಿತ್ತು. ಕೊಳ್ಳದ ಟಿಕೆಟ್ಟಿಗೆ ಬಹುಮಾನ ಹೇಗೆ ಬಂತೆಂದು ಆ ಮನುಷ್ಯ ಒಂದು ಗಳಿಗೆಯೂ ಯೋಚಿಸಲಿಲ್ಲ. ಬಹುಮಾನ ಬಿಡಿಸಿಕೊಳ್ಳುವ ಖರ್ಚೆಂದು ಹೆಂಡತಿಯ ಓಲೆ ಮಾರಿ ಹಣ ಕಳಿಸಿದ. ಲಾಟರಿಯೂ ಬರಲಿಲ್ಲ, ಓಲೆಯೂ ಬರಲಿಲ್ಲ.

ಅವತ್ತಿನಿಂದ ಪುಟ್ಟಬಸವಯ್ಯ ಊರಿಗೆ ಮೇಷ್ಟ್ರಾದ. ಅಮೃತೇಶನ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಮೋಸದ ಮೇಲ್‌ಗಳ ಜಾತಕವನ್ನೆಲ್ಲ ಕಲಿತ. ಕಲಿತದ್ದನ್ನು ಟೀ ಅಂಗಡಿಯ ಮುಂದೆ ನಿಂತು ಬೈಗುಳದ ರೂಪದಲ್ಲಿ ಕಲಿಸಿದ.

"ಬ್ಯಾಂಕ್‌ನೋರಿಗೆ ನಿನ್ನ ಎಸರು ಗೊತ್ತಿಲ್ವೇನ್ಲಾ? ಸಾಲ ವಸೂಲಿಗೆ ಬಂದಾಗ ನಿಮ್ಮಪ್ಪನ ಎಸರು, ಅಜ್ಜನ ಎಸರು ಎಲ್ಲಾ ಗೊತ್ತಿರ್ತದೆ. ಮೇಲ್ ಕಳಿಸುವಾಗ ಮಾತ್ರ ಯಾಕ್ಲಾ 'ಪ್ರಿಯ ಗ್ರಾಹಕರೇ' ಅಂತಾರೆ? ಇವತ್ತೇ ಮಾಡು, ಈಗ್ಲೇ ಒತ್ತು ಅಂತ ಯಾವನು ಆತುರ ಮಾಡ್ತಾನೋ ಅವನು ಕಳ್ಳ. ಪಾಸ್‌ವರ್ಡ್ ಕೇಳ್ದೋನು ಕಳ್ಳ. ಕಷ್ಟದಲ್ಲಿವ್ನಿ ದುಡ್ಡು ಕಳ್ಸು ಅಂದೋನು ನಿನ್ನ ಸ್ವಂತ ಭಾವಮೈದ ಆದ್ರೂ ಮೊದ್ಲು ಕಳ್ಳ ಅಂತ್ಲೇ ತಿಳ್ಕೊ, ಆಮೇಲೆ ವಿಚಾರಿಸು. ಗೊತ್ತಿಲ್ಲದ ನಂಬರಿಂದ ಫೋನ್ ಬಂದ್ರೆ ಎತ್ತಲೇಬ್ಯಾಡ."

ಒಮ್ಮೆ ವರ್ತಕರ ಸಂಘದ ಕಾರ್ಯದರ್ಶಿ ಅಂಥದೇ ಒಂದು ಬ್ಯಾಂಕಿನ ಮೇಲ್ ತೆರೆದು ಮೌಸ್ ಮೇಲೆ ಬೆರಳಿಟ್ಟಿದ್ದ. ಹಿಂದೆ ನಿಂತಿದ್ದ ಪುಟ್ಟಬಸವಯ್ಯ ಗೋಡೆಯಿಂದ ವೈರನ್ನೇ ಕಿತ್ತುಹಾಕಿದ. ಸೆಂಟರಿನ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಕಣ್ಣುಮುಚ್ಚಿದವು. ಅಮೃತೇಶ ತಲೆಯ ಮೇಲೆ ಕೈಹೊತ್ತ. ಆದರೆ ಸಂಘದ ಹಣ ಉಳಿಯಿತು. ಊರು ಪುಟ್ಟಬಸವಯ್ಯನನ್ನು ಯಾರೂ ಟೋಪಿ ಹಾಕಲಾಗದ ತಲೆ ಎಂದು ಕರೆಯತೊಡಗಿತು. ಅವನಿಗೆ ಅಂಗಡಿ, ಮನೆ, ಹೆಂಡತಿಗಿಂತ ಆ ಹೆಸರೇ ಹೆಚ್ಚಾಯಿತು. ಶಿವಸ್ವಾಮಿಯ ಅಂಗಡಿಯ ಬಣ್ಣವನ್ನೇ ತಂದು, 'ಅನುಮಾನದ ಮೇಲ್ ಬಂದರೆ ನಮ್ಮಲ್ಲಿ ವಿಚಾರಿಸಿ' ಎಂದು ಬೋರ್ಡು ಬರೆಸಿ, ಕೆಳಗೆ ತನ್ನ ಮೇಲ್ ವಿಳಾಸವನ್ನೂ ದಪ್ಪಕ್ಷರದಲ್ಲಿ ಹಾಕಿಸಿದ. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಓದಬಹುದಿತ್ತು. ಯಾರೋ ಓದಿದರು ಕೂಡ.

ಆ ವಿಳಾಸಕ್ಕೇ ಯಾವುದೋ ಸಂಘದಿಂದ ಸನ್ಮಾನದ ಮೇಲ್ ಬಂದದ್ದು. ಅವನಿಗೆ 'ಅಂತರ್ಜಾಲ ಜಾಗೃತಿ ರತ್ನ' ಎಂಬ ಬಿರುದು ಕೊಟ್ಟು, ನಂಜನಗೂಡಿನ ಒಂದು ಛತ್ರದಲ್ಲಿ ಮೈಸೂರು ಪೇಟ ತೊಡಿಸಿ ಶಾಲು ಹೊದಿಸುತ್ತಾರಂತೆ. ಪುಟ್ಟಬಸವಯ್ಯ ತನ್ನ ಪಾಠಕ್ಕೆ ತಕ್ಕಂತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. 'ಪ್ರಿಯ ಗ್ರಾಹಕರೇ' ಎಂದಿರಲಿಲ್ಲ, 'ಶ್ರೀಯುತ ಪುಟ್ಟಬಸವಯ್ಯನವರೇ' ಎಂದಿತ್ತು. ಹಣ ಕೇಳಿರಲಿಲ್ಲ, ಪಾಸ್‌ವರ್ಡ್ ಕೇಳಿರಲಿಲ್ಲ, ನಿಧಾನವಾಗಿ ಉತ್ತರಿಸಿ ಎಂದಿತ್ತು. ಕೇಳಿದ್ದು ಇಷ್ಟೇ: ವೇದಿಕೆಯಲ್ಲಿ ಪರಿಚಯ ಓದಲು ತಮ್ಮ ಹುಟ್ಟಿದ ದಿನ, ತಾಯಿಯ ತವರೂರು, ಮೊದಲು ಓದಿದ ಶಾಲೆ, ಮೊದಲು ಸಾಕಿದ ಪ್ರಾಣಿಯ ಹೆಸರು ಮತ್ತು ಮನೆದೇವರು.

ಸನ್ಮಾನವೆಂದ ಮೇಲೆ ಪರಿಚಯ ಇರಲೇಬೇಕಲ್ಲ. ನಮ್ಮ ಕಡೆ ಶಾಲು ಹೊದಿಸುವುದಕ್ಕಿಂತ ಪರಿಚಯ ಓದುವುದೇ ಉದ್ದ. ಪುಟ್ಟಬಸವಯ್ಯ ಅಮೃತೇಶನನ್ನು ಗೋಡೆ ಕಡೆ ತಿರುಗಿಸಿ ಕೂರಿಸಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ತಾಯಿಯ ತವರು ಬದನವಾಳು. ಓದಿದ್ದು ಊರ ಚಾವಡಿಯಲ್ಲಿ ನಡೆಯುತ್ತಿದ್ದ ಶಾಲೆ. ಮನೆದೇವರು ಮುಡುಕುತೊರೆ ಮಲ್ಲಪ್ಪ. ಮೊದಲು ಸಾಕಿದ ಎತ್ತು ಕೆಂಚನ ಹೆಸರು ಬರೆಯುವಾಗ ಮೂಗು ಒರೆಸಿಕೊಂಡ.

ಸನ್ಮಾನದ ದಿನ ಬೆಳಿಗ್ಗೆ ಜುಬ್ಬ ತೊಟ್ಟು ಕನ್ನಡಿಯ ಮುಂದೆ ನಿಂತ. ಹೆಂಡತಿ ಶಿವನಂಜಮ್ಮ ಕಾಫಿ ಲೋಟ ಹಿಡಿದು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರ್ದು ಸನ್ಮಾನ?"

"ನಂದೇ."

"ಯಾಕೆ?"

"ಯಾಕೆ ಅಂದ್ರೇನೇ? ಇಡೀ ತಾಲ್ಲೂಕಿಗೆ ಬುದ್ಧಿ ಕಲ್ಸಿವ್ನಿ. ಯಾರ್ಗೂ ಏಳ್ಬ್ಯಾಡ. ಸಂಜೆ ಪೇಟ ಇಟ್ಕೊಂಡು ಬಸ್ ಸ್ಟ್ಯಾಂಡಿಂದ ನಡ್ಕೊಂಡು ಬತ್ತೀನಿ, ಆ ಶಿವಸ್ವಾಮಿ ಮುಖ ನೋಡ್ಬೇಕು. ಅಲ್ಲೀಗಂಟ ಯಾರು ಕೇಳಿದ್ರೂ ಮನೇಲಿ ಮಲಗವ್ರೆ ಅನ್ನು."

ಗುಂಡ್ಲುಪೇಟೆಗೆ ಟಾರ್ಪಾಲು ಸಾಗಿಸುತ್ತಿದ್ದ ಚನ್ನಯ್ಯನ ಗೂಡ್ಸ್ ಆಟೋ ಬಾಗಿಲಲ್ಲಿ ಹಾರ್ನ್ ಹೊಡೆಯಿತು. ಪುಟ್ಟಬಸವಯ್ಯ ಸೀಟಿನ ಮೇಲೆ ಟವೆಲ್ ಹಾಸಿ, ಜುಬ್ಬ ಸುಕ್ಕಾಗದಂತೆ ಮದುವಣಗಿತ್ತಿಯ ಹಾಗೆ ಕೂತ. ಅವನ ಪರ್ಸು ಮತ್ತು ಮೊಬೈಲು ಗೂಟಕ್ಕೆ ನೇತುಹಾಕಿದ್ದ ಹಳೆಯ ಅಂಗಿಯ ಜೇಬಿನಲ್ಲಿ ಹಾಯಾಗಿದ್ದವು. ಚನ್ನಯ್ಯ ಅವನನ್ನು ನಂಜನಗೂಡಿನಲ್ಲಿ ಇಳಿಸಿ ಮುಂದೆ ಹೋದ.

ಛತ್ರದ ಮುಂದೆ ಬಾಳೆಕಂದು ಕಟ್ಟಿತ್ತು. ಒಳಗೆ ಓಲಗ ನಡೆಯುತ್ತಿತ್ತು. ಪುಟ್ಟಬಸವಯ್ಯನ ಎದೆ ತುಂಬಿತು. ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಪನ್ನೀರು ಚಿಮುಕಿಸಿದಳು, ಇನ್ನೊಬ್ಬಳು ಕಲ್ಲುಸಕ್ಕರೆ ಕೊಟ್ಟಳು. ರೇಷ್ಮೆ ಜುಬ್ಬದ ಗತ್ತು ನೋಡಿದ ಯಾರೋ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಸ್ವಲ್ಪ ಹೊತ್ತಿಗೆ, "ಇರೀಕ್ರು ಮೇಲಕ್ಕೆ ಬರ್ಬೇಕು" ಎಂದು ಕರೆ ಬಂತು. ಅವನು ಎದ್ದು, ಸಭೆಗೆ ಕೈಮುಗಿದು, ವೇದಿಕೆ ಹತ್ತಿ, ಶಾಲಿಗಾಗಿ ಎರಡೂ ತೋಳು ಚಾಚಿ ಕಣ್ಣು ಮುಚ್ಚಿದ.

ತೋಳಿಗೆ ಬಂದದ್ದು ಶಾಲಲ್ಲ, ಒಂದು ಮಗು.

"ಎಸರು ಏಳಿ ಅಜ್ಜಾರೇ" ಎಂದು ಒಬ್ಬ ಮುದುಕಿ ತಿವಿದಳು.

ಪರಿಚಯ ಶುರುವಾಯಿತೆಂದುಕೊಂಡ ಅವನು ಮೈಕಿಲ್ಲದ ಕೊರತೆ ತುಂಬುವಂತೆ ಗಟ್ಟಿಯಾಗಿ, "ಪುಟ್ಟಬಸವಯ್ಯ" ಎಂದ. ಮಗು ಹೆಣ್ಣು. ರಮ್ಯ ಎಂದು ಹೆಸರಿಡಬೇಕೆಂದು ತೊಟ್ಟಿಲಿಗೆ ಹೂವಿನಲ್ಲಿ ಬರೆದೂ ಆಗಿತ್ತು. ಮುದುಕಿ ಕೆನ್ನೆಗೆ ಕೈ ಇಟ್ಟುಕೊಂಡು, "ಅಯ್ಯೋ, ಮೊದ್ಲು ಕಿವೀಗೆ ಬಿದ್ದ ಎಸರೇ ಗಟ್ಟಿ ಕಣ್ರಪ್ಪ" ಎಂದಳು. ಗಂಡಿನ ಕಡೆಯವರು ಇವನು ಹೆಣ್ಣಿನ ಕಡೆಯವನೆಂದೂ ಹೆಣ್ಣಿನ ಕಡೆಯವರು ಗಂಡಿನ ಕಡೆಯವನೆಂದೂ ಜಗಳಕ್ಕೆ ನಿಂತರು.

ಛತ್ರದ ಮ್ಯಾನೇಜರು ನಾಗಯ್ಯ ಅವನನ್ನು ತೋಳು ಹಿಡಿದು ತನ್ನ ಕೋಣೆಗೆ ಎಳೆದುಕೊಂಡು ಹೋದ. "ಸನ್ಮಾನವಾ? ಇವತ್ತು ನಾಮಕರಣ ಬುಟ್ರೆ ಇಲ್ಲಿ ಇನ್ನೇನೂ ಇಲ್ಲ ಸಾ. ಆ ಸಂಘದ ಎಸರೇ ನಾನು ಕೇಳಿಲ್ಲ. ಯಾರೋ ನಿಮ್ಮನ್ನ ಆಟ ಆಡ್ಸವ್ರೆ."

ಪುಟ್ಟಬಸವಯ್ಯನಿಗೆ ಕಿವಿ ಬಿಸಿಯಾಯಿತು. ಮೊದಲು ಇಲ್ಲಿಂದ ಜಾಗ ಖಾಲಿ ಮಾಡಬೇಕೆಂದು ಬಸ್ಸಿನ ಕಾಸಿಗಾಗಿ ಎದೆ ಮುಟ್ಟಿದ. ಜೇಬು ಇರಬೇಕಾದ ಜಾಗದಲ್ಲಿ ಬರೀ ಎದೆ ಇತ್ತು, ಅದೂ ಹೊಡೆದುಕೊಳ್ಳುತ್ತಿತ್ತು.

"ಒಂದು ಫೋನ್ ಮಾಡ್ಲಾ?" ಎಂದು ನಾಗಯ್ಯನ ಮೊಬೈಲಿಗೆ ಕೈ ಚಾಚಿದ.

ಮೊದಲು ತನ್ನ ಮೊಬೈಲಿಗೇ ಮಾಡಿದ. ಶಿವನಂಜಮ್ಮ ಎತ್ತಲಿ ಎಂದು. ಅದು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಗೊತ್ತಿಲ್ಲದ ನಂಬರು ಎತ್ತಬೇಡವೆಂದು ತಾನೇ ಅವಳಿಗೆ ಗಿಣಿಗೆ ಹೇಳಿದಂತೆ ಹೇಳಿದ್ದು ನೆನಪಾಗಿ ಹಲ್ಲು ಕಡಿದ. ಅವನಿಗೆ ಬಾಯಿಪಾಠವಿದ್ದ ಇನ್ನೊಂದೇ ನಂಬರು ಎಂದರೆ ಎದುರು ಅಂಗಡಿಯ ಬೋರ್ಡಿನ ಮೇಲೆ ದಿನಾ ಕಣ್ಣಿಗೆ ಹೊಡೆಯುವ ಶಿವಸ್ವಾಮಿಯ ನಂಬರು.

"ಲೇ ಶಿವಸ್ವಾಮಿ, ನಾನು ಕಣ್ಲಾ ಪುಟ್ಟಬಸವಯ್ಯ. ನಂಜನಗೂಡಲ್ಲಿ ಸಿಕ್ಕಾಕೊಂಡಿವ್ನಿ. ಪರ್ಸಿಲ್ಲ, ಮೊಬೈಲಿಲ್ಲ. ಯಾರ ಕೈಲಾದ್ರೂ ಒಂದು ಗಾಡಿ ಕಳ್ಸು."

ಆ ಕಡೆ ಶಿವಸ್ವಾಮಿ ಪಕ್ಕದವರಿಗೆ, "ಬಂದ ಕಣ್ರೋ, ಫೋನಲ್ಲೂ ಬಂದ" ಎಂದದ್ದು ಕೇಳಿಸಿತು. ನಗುವಿನ ಗದ್ದಲ ಎದ್ದಿತು.

"ಏನಪ್ಪಾ, ಬೆಳಿಗ್ಗೆ ಲಂಡನ್ನಲ್ಲಿದ್ದೆ, ಮಧ್ಯಾಹ್ನಕ್ಕೆ ನಂಜನಗೂಡಿಗೆ ಬಂದ್ಬುಟ್ಯಾ? ಇಮಾನ ಸೀದಾ ದೇವಸ್ಥಾನದ ಮುಂದೇನೇ ಇಳೀತಾ?"

"ಯಾವ ಲಂಡನ್ನೋ?"

"ನೀನೇ ತಾನೇ ನಮಗೆಲ್ಲಾ ಮೇಲ್ ಆಕಿರೋದು? ಲಂಡನ್ನಿಗೆ ಬಂದಿವ್ನಿ, ಪರ್ಸು ಮೊಬೈಲು ಕಳ್ದೋಗದೆ, ಜಲ್ದಿ ದುಡ್ಡು ಕಳ್ಸಿ ಅಂತ. ಅಮೃತೇಶ ಎಲ್ಲಾರ್ಗೂ ಓದಿ ಏಳ್ದ. ಒಂದು ಊರು ಗಟ್ಟಿ ಮಾಡ್ಕೊಂಡು ಕಳ್ಳತನ ಮಾಡ್ಲಾ, ನಮಗೂ ನಂಬೋಕೆ ಸುಲಭ ಆಯ್ತದೆ."

"ಅದು ನಾನಲ್ಲ ಕಣೋ. ಇದು ನಾನು. ದನಿ ಗೊತ್ತಾಗಲ್ವಾ?"

"ದನಿ ಚೆನ್ನಾಗೇ ಮಾಡ್ತಿದ್ದೀಯ. ಪಾಕಡ ಕಳ್ಳ ಬುಡು ನೀನು. ಆದ್ರೆ ನಮ್ಮ ಪುಟ್ಟಬಸವಯ್ಯ ಮನೇಲಿ ಮಲಗವ್ನೆ. ಅವನ ಮೊಬೈಲಿಗೆ ಮಾಡಿ ಕೇಳಿವ್ನಿ, ಎಂಡ್ತೀನೇ ಏಳವ್ಳೆ."

ಪುಟ್ಟಬಸವಯ್ಯ ಹಣೆ ಚಚ್ಚಿಕೊಂಡ. "ನನಗೆ ಮಾತ್ರ ಗೊತ್ತಿರೋದು ಏನಾದ್ರೂ ಕೇಳು ಮತ್ತೆ. ಏಳ್ತೀನಿ."

"ಸರಿ. ನಿನ್ನ ಮೊದಲನೇ ಎತ್ತಿನ ಎಸರೇನು?"

"ಕೆಂಚ."

"ನೋಡ್ರೋ, ಮೇಲ್‌ನಲ್ಲಿರೋದ್ನೇ ಒಪ್ಪಿಸ್ತಾವ್ನೆ. ನಾನೇ ಔದೋ ಅಲ್ವೋ ಅಂತ ಅನುಮಾನ ಇದ್ರೆ ನೋಡಿ ಅಂತ ಬರ್ದವ್ನಲ್ಲ, ನಮ್ಮವ್ವ ಬದನವಾಳೋಳು, ನಾನು ಓದಿದ್ದು ಚಾವಡಿ ಇಸ್ಕೂಲು, ನನ್ನ ಎತ್ತು ಕೆಂಚ ಅಂತ."

ಪುಟ್ಟಬಸವಯ್ಯನಿಗೆ ಸನ್ಮಾನದ ಮೇಲ್ ನೆನಪಾಯಿತು. ತಾನು ಮೂಗು ಒರೆಸಿಕೊಂಡು ಬರೆದ ಪರಿಚಯವನ್ನು ಇಡೀ ನರಸೀಪುರದ ಮುಂದೆ ಓದಿದ್ದಾರೆ, ಸನ್ಮಾನ ಮಾತ್ರ ಇಲ್ಲ.

"ಲೇ, ನಿನ್ನ ಲಾಟ್ರಿ ವಿಸ್ಯ ಬಾಯಿ ಬುಡ್ಲಾ? ಎಂಡ್ತಿ ಓಲೆ ಮಾರಿದ್ದು?"

"ಅದು ನಾಯಿಗೂ ಗೊತ್ತು. ನಮ್ಮ ಪುಟ್ಟಬಸವಯ್ಯನೇ ಡಂಗುರ ಒಡ್ದಿರೋದು."

"ಮುಡುಕುತೊರೆ ಮಲ್ಲಪ್ಪನಾಣೆ ಕಣೋ, ನಾನೇ" ಎನ್ನುವಾಗ ಅವನ ದನಿ ನಿಜಕ್ಕೂ ಅಳುವಂತಾಗಿತ್ತು. ಅದಕ್ಕೂ ನಗು ಬಂದಾಗ ಅವನ ಮೋಟಾರು ಸುಟ್ಟಿತು. ಶಿವಸ್ವಾಮಿಯ ವಂಶವನ್ನು ಬೇರಿನಿಂದ ಚಿಗುರಿನವರೆಗೂ ಬೈದ. ಶಿವಸ್ವಾಮಿ ತಣ್ಣಗೆ ಕೇಳಿಸಿಕೊಂಡು, ತಾನೂ ನಾಲ್ಕು ಬೈಗುಳ ಸೇರಿಸಿ, "ಮೊದ್ಲು ಆತುರ, ಆಮೇಲೆ ಅಳು, ಆಮೇಲೆ ಸಿಟ್ಟು. ನಮ್ಮ ಪುಟ್ಟಬಸವಯ್ಯ ಕಲ್ಸಿದಂಗೇ ನಡೀತಾ ಅದೆ" ಎಂದು ಫೋನಿಟ್ಟ.

ನಾಗಯ್ಯ ಅನುಮಾನದಿಂದ ಮೇಜಿನ ಮೇಲಿದ್ದ ತನ್ನ ಗಡಿಯಾರವನ್ನು ಎತ್ತಿ ಕೈಗೆ ಕಟ್ಟಿಕೊಂಡ. "ನಿಮ್ಮೂರೋರೇ ನಂಬ್ತಿಲ್ಲ ಅಂದ್ಮೇಲೆ ನಾನೆಂಗೆ ಕಾಸು ಕೊಡ್ಲಿ ಸಾ. ಊಟ ಮಾಡ್ಕೊಂಡು ಓಗಿ, ಅದಕ್ಕೆ ಯಾರೂ ಬ್ಯಾಡ ಅನ್ನಲ್ಲ."

"ಊಟ ಬ್ಯಾಡ. ನರಸೀಪುರಕ್ಕೆ ಓಗೋಕೆ ದಾರಿ ಏಳು."

"ಕಪಿಲೆ ಸೀದಾ ನಿಮ್ಮೂರಿಗೇ ಓಯ್ತದೆ ಸಾ. ಈಜು ಬತ್ತದಾ?"

ಹೊಳೆಯ ದಾರಿ ಹಿಡಿಯುವಷ್ಟು ಅವನಿಗೆ ತಲೆ ಕೆಟ್ಟಿರಲಿಲ್ಲ. ಕಬ್ಬು ಇಳಿಸಿ ಖಾಲಿ ಹೊರಟಿದ್ದ ಒಂದು ಟ್ರ್ಯಾಕ್ಟರಿನ ಹಿಂದೆ ಓಡಿ, ಟ್ರೈಲರಿಗೆ ಹತ್ತಿ, ಕಬ್ಬಿನ ಸೋಗೆಯ ಮೇಲೆ ಕೂತ. ದಾರಿಯುದ್ದಕ್ಕೂ ಪ್ರತಿ ಗುಂಡಿಯೂ ಅವನ ಸೊಂಟಕ್ಕೆ ಬಿರುದು ಕೊಟ್ಟಿತು. ಒಂದೇ ಸಮಾಧಾನ, ಪೇಟ ತೊಟ್ಟು ಊರು ಸೇರುವುದು ಹೋಗಲಿ, ಯಾರ ಕಣ್ಣಿಗೂ ಬೀಳದೆ ಮನೆ ಸೇರಿದರೆ ಟೋಪಿ ಬಿದ್ದದ್ದು ಯಾರಿಗೂ ತಿಳಿಯುವುದಿಲ್ಲ. ಆ ಹೆಸರೊಂದು ಉಳಿದರೆ ಸಾಕು.

ಸಂಜೆ ಇಳಿಬಿಸಿಲಲ್ಲಿ ನರಸೀಪುರದ ಬಸ್ ನಿಲ್ದಾಣದ ಬಳಿ ಇಳಿದರೆ ಅಲ್ಲಿ ಶಾಮಿಯಾನ. ಕುರ್ಚಿಗಳು. ವರ್ತಕರ ಸಂಘದವರೆಲ್ಲ ಹಾಜರ್. ವೇದಿಕೆಯ ನಡುವಿನ ಕುರ್ಚಿಯಲ್ಲಿ ಶಿವಸ್ವಾಮಿ ಮದುಮಗನ ಹಾಗೆ ಕೂತಿದ್ದ. ಅಮೃತೇಶ ಮೈಕು ಹಿಡಿದಿದ್ದ. ಪುಟ್ಟಬಸವಯ್ಯ ಬಾಳೆಹಣ್ಣಿನ ಗಾಡಿಯ ಮರೆಯಲ್ಲಿ ನುಸುಳಿ ಹೋಗುವಷ್ಟರಲ್ಲಿ ಸಂಘದ ಕಾರ್ಯದರ್ಶಿಯೇ ಕೈ ಹಿಡಿದ.

"ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಿದ್ವಿ. ಮಲಗೆದ್ರಾ? ಇದೇನು, ರೇಷ್ಮೆ ಜುಬ್ಬ ಆಕ್ಕೊಂಡು ಮಲಗಿದ್ರಾ? ಮೈಯೆಲ್ಲಾ ಸೋಗೆ?"

"ಸೆಕೆ" ಎಂದ ಪುಟ್ಟಬಸವಯ್ಯ. ಅದಕ್ಕೂ ಇದಕ್ಕೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ಅವನನ್ನು ತಳ್ಳಿಕೊಂಡು ವೇದಿಕೆ ಹತ್ತಿಸಿದರು.

ಅಮೃತೇಶ ಸಭೆಗೆ ಬಿಡಿಸಿ ಹೇಳಿದ. "ಕಳ್ಳ ಪಾಸ್‌ವರ್ಡ್ ಕೇಳೋದೇ ಬೇಕಿಲ್ಲ ಸ್ವಾಮಿ. ಪಾಸ್‌ವರ್ಡ್ ಮರ್ತೋಯ್ತು ಅಂತ ಒತ್ತಿದ್ರೆ ಕಂಪ್ಯೂಟರು ನಾವು ಮೊದ್ಲೇ ಬರ್ಸಿರೋ ಒಂದು ಗುಟ್ಟಿನ ಪ್ರಶ್ನೆ ಕೇಳುತ್ತೆ. ನಮ್ಮ ಪುಟ್ಟಬಸವಯ್ಯನೋರ್ದು ಎತ್ತಿನ ಹೆಸರು. ಅದನ್ನ ಯಾರೋ ಆ ಕಳ್ಳನಿಗೆ ಹೇಳವ್ರೆ. ಆದ್ರೆ ನಮ್ಮೂರಲ್ಲಿ ಒಬ್ಬನೂ ಒಂದು ಕಾಸು ಕಳಿಸಿಲ್ಲ. ಫೋನಲ್ಲಿ ಅತ್ತು ಕರೆದ್ರೂ ಶಿವಸ್ವಾಮಿಯೋರು ಬಗ್ಗಲಿಲ್ಲ. ಅದಕ್ಕೇ ಈ ಸನ್ಮಾನ."

"ಕೆಂಚನ ಎಸರು ಏಳಿದ ಆ ಮುಟ್ಠಾಳ ಯಾರಿರಬೋದು?" ಎಂದು ಸಭೆಯಿಂದ ಯಾರೋ ಕೇಳಿದರು.

ಪುಟ್ಟಬಸವಯ್ಯ ಜುಬ್ಬದಿಂದ ಸೋಗೆಯ ಎಳೆ ಕೀಳುತ್ತ ಕೂತ.

ಶಿವಸ್ವಾಮಿ ಎದ್ದು ಮೈಕಿನ ಮುಂದೆ ನಿಂತ. ಹಿಂದಿನ ವರ್ಷದಿಂದ ಬಗ್ಗಿದ್ದ ಅವನ ಬೆನ್ನು ಇವತ್ತು ನೆಟ್ಟಗಿತ್ತು. "ನನಗೆ ಮಾತಾಡೋಕೆ ಬರಲ್ಲ. ಓದ ವರ್ಷ ನಾನು ಮೋಸ ಓದೆ, ಎಂಡ್ತಿ ಮುಖ ನೋಡೋಕಾಗ್ತಿರಲಿಲ್ಲ. ಇವತ್ತು ಅವಳೂ ಬಂದವ್ಳೆ. ಎಲ್ಲಾ ಪುಟ್ಟಬಸವಯ್ಯ ಕಲ್ಸಿದ್ದು. ಆ ಕಳ್ಳ ದೇವ್ರಾಣೆ ಆಕ್ದ, ಅತ್ತ. ನನಗೆ ಒಂದು ಗಳಿಗೆ ಕರುಳು ಚುರುಕ್ ಅಂತು. ಆದ್ರೂ ಚೆನ್ನಾಗಿ ಉಗ್ದು ಇಟ್ಟೆ. ಏಳಪ್ಪಾ ಪುಟ್ಟಬಸವಯ್ಯ, ನಾನು ಮಾಡಿದ್ದು ಸರಿಯಾ?"

ಸಭೆಯೆಲ್ಲ ಪುಟ್ಟಬಸವಯ್ಯನ ಕಡೆ ತಿರುಗಿತು. ನಿಜ ಅವನ ನಾಲಿಗೆಯ ತುದಿಗೆ ಬಂದು ಕೂತಿತು. ಎದುರಿಗೆ ಟೀ ಅಂಗಡಿಯವನು, ಹಣ್ಣಿನವನು, ಕಾರ್ಯದರ್ಶಿ, ಹೆಂಗಸರ ಸಾಲಿನಲ್ಲಿ ಬರಿಗಿವಿಯ ಶಿವಸ್ವಾಮಿಯ ಹೆಂಡತಿ. ಒಬ್ಬರೂ ಮೋಸ ಹೋಗಿರಲಿಲ್ಲ. ಬೈದು ಬೈದು ಕಲಿಸಿದ ಪಾಠ ಒಂದಕ್ಷರ ಬಿಡದೆ ಇವರ ತಲೆಗೆ ಇಳಿದಿತ್ತು. ಅವನ ಎದೆ ನಿಜವಾಗಿಯೂ ಉಬ್ಬಿತು, ಜೇಬಿಲ್ಲದೆಯೇ.

"ಸರಿಯಾಗೇ ಮಾಡ್ದೆ. ಇನ್ನೂ ನಾಲ್ಕು ಬೈಬೇಕಾಗಿತ್ತು" ಎಂದು ಶಾಲನ್ನು ಬಿಡಿಸಿ ತಾನೇ ಶಿವಸ್ವಾಮಿಯ ಹೆಗಲಿಗೆ ಹೊದಿಸಿದ. ಚಪ್ಪಾಳೆ ಬಿತ್ತು. ಶಿವಸ್ವಾಮಿಯ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಗ ಶಿವನಂಜಮ್ಮ ಹೊಡೆದುಕೊಳ್ಳುತ್ತಿದ್ದ ಮೊಬೈಲನ್ನು ಬೆಂಕಿಯ ಕೆಂಡದಂತೆ ಹಿಡಿದು ವೇದಿಕೆಯ ಹತ್ತಿರ ಬಂದಳು. "ಮಧ್ಯಾಹ್ನ ಬಂದ ನಂಬರೇ ಮತ್ತೆ ಬತ್ತಾ ಅದೆ. ಗೊತ್ತಿಲ್ಲದ್ದು ಅಂತ ನಾನು ಎತ್ತಲಿಲ್ಲ."

"ಕೊಡಿ, ಮೈಕಿಗೆ ಹಿಡೀತೀನಿ" ಎಂದು ಅಮೃತೇಶ ಹುರುಪಿನಿಂದ ಕಸಿದುಕೊಂಡು ಗುಂಡಿ ಒತ್ತಿದ. "ಕಳ್ಳ ಹೆಂಗೆ ಮಾತಾಡ್ತಾನೆ, ಎಲ್ರೂ ಕೇಳ್ಲಿ."

ಮೈಕಿನಲ್ಲಿ ನಾಗಯ್ಯನ ದನಿ ಮೊಳಗಿತು. "ಸಾ, ಛತ್ರದಿಂದ ಮಾತಾಡ್ತಿವ್ನಿ. ನಾನು ಅನುಮಾನ ಪಟ್ಟಿದ್ದು ತಪ್ಪಾಯ್ತು. ಮಗೀನ ಅಜ್ಜಿ ಅಟ ಇಡ್ದು ನಿಮ್ಮ ಎಸರೇ ಇಟ್ರು, ಪುಟ್ಟಬಸಮ್ಮ ಅಂತ. ಎಸರು ಇಟ್ಟೋರ್ಗೆ ಶಾಲು ಒದ್ದಿಸಿ ಪೇಟ ತೊಡ್ಸಬೇಕಂತೆ, ಕಾರು ಕಳಿಸ್ತೀವಿ ಅಂತಾವ್ರೆ. ನಿಮ್ಮ ಮನೆದೇವ್ರು ಯಾವ್ದು ಅಂತ ಕೇಳ್ತಾವ್ರೆ, ಏಳ್ತೀರಾ?"

ಪೇಟ, ಶಾಲು, ಕಾರು. ಪುಟ್ಟಬಸವಯ್ಯ ಒಮ್ಮೆ ಕಣ್ಣು ಮುಚ್ಚಿ ತೆರೆದ. ಇಡೀ ಊರು ಉಸಿರು ಬಿಗಿಹಿಡಿದು ಅವನ ಬಾಯಿ ನೋಡುತ್ತಿತ್ತು.

"ಲೇ ಕಳ್ಳ," ಎಂದು ಅವನು ಗುಡುಗಿದ, "ಶಾಲಿನ ಆಸೆ ತೋರ್ಸಿ ಮನೆದೇವ್ರು ಕೇಳ್ತೀಯಾ? ನಾನು ಇವತ್ತು ಮನೆ ಬುಟ್ಟು ಎಲ್ಲೂ ಓಗಿಲ್ಲ. ಮಲಗಿದ್ದೆ. ಇಡ್ಲಾ ಫೋನು."

ಚಪ್ಪಾಳೆ, ಸಿಳ್ಳೆ ಬಸ್ ನಿಲ್ದಾಣ ದಾಟಿ ಸೇತುವೆಯವರೆಗೂ ಕೇಳಿಸಿದವಂತೆ. ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ಮನೆವರೆಗೂ ಮೆರೆಸಿದರು. ಶಾಲು ಶಿವಸ್ವಾಮಿಯ ಹೆಗಲ ಮೇಲೆ, ಹೆಸರು ನಂಜನಗೂಡಿನ ತೊಟ್ಟಿಲಲ್ಲಿ, ಪುಟ್ಟಬಸವಯ್ಯನ ಪಾಲಿಗೆ ಸೊಂಟನೋವು.

ಮರುದಿನ ಬೆಳಿಗ್ಗೆ ಅವನು ಜುಬ್ಬವನ್ನು ಪೇಪರಿನಲ್ಲಿ ಸುತ್ತಿಕೊಂಡು ರಾಚಯ್ಯನ ಮುಂದೆ ಹೋಗಿ ನಿಂತ.

"ಇದಕ್ಕೊಂದು ಜೇಬು ಇಡು."

"ಇಡನ ಸಾ. ಸನ್ಮಾನ ಎಂಗಾಯ್ತು?"

"ಯಾವ ಸನ್ಮಾನ? ನೆನ್ನೆ ಇಡೀ ದಿನ ಮನೇಲಿ ಮಲಗಿದ್ದೆ. ಊರ್ನೋರ್ನೆಲ್ಲಾ ಕೇಳು."

ರಾಚಯ್ಯ ಜುಬ್ಬ ಬಿಡಿಸಿ, ತೋಳಿಗೆ ಅಂಟಿದ್ದ ಸೋಗೆಯ ಎಳೆಯೊಂದನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿ, ಹಾಗೇ ಮಡಿಸಿ ವಾಪಸು ಕೊಟ್ಟ.

"ಮಲಗೋಕೆ ಜೇಬ್ಯಾಕೆ ಸಾ?"